ಮುತ್ತಮ್ಮ ಸತ್ತ ಸುದ್ದಿ

ಭಾಮಾ ಸೇಲಂ ಜಂಕ್ಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಅರಿಸಿಪಾಳ್ಯದ ಮನೆಯಲ್ಲಿ ಅವಳು, ಅಮ್ಮ ಮತ್ತು ಎರಡು ಸಾವಿರದ ಮುನ್ನೂರು ಕನ್ನಡ ಪುಸ್ತಕಗಳು. ಊರಿನಲ್ಲಿ ಕನ್ನಡ ಪುಸ್ತಕ ಮಾರುವ ಅಂಗಡಿಯನ್ನು ಅವಳು ಕಂಡವಳಲ್ಲ. ಬೆಂಗಳೂರು ಗಾಡಿಗಳಲ್ಲಿ ಓಡಾಡುವ ಟಿಟಿಇಗಳ ಕೈಗೆ ಚೀಟಿ ಕೊಟ್ಟು ಕಳಿಸುವಳು. ಅವರು ತಂದ ಕಟ್ಟನ್ನು ಡ್ಯೂಟಿ ಮುಗಿದ ಮೇಲೆ ಟೌನ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತರುವಳು. ಮುಚ್ಚಿಹೋದ ಮೆಡಿಕಲ್ ಶಾಪಿನಿಂದ ಕೊಂಡ ಸ್ಟೀಲ್ ರ್‍ಯಾಕುಗಳಲ್ಲಿ ಪುಸ್ತಕಗಳು ನಿಂತಿದ್ದವು, ಒಂದೊಂದಕ್ಕೂ ಕಂದು ಕಾಗದದ ಹೊದಿಕೆ, ನಡುನಡುವೆ ಬೇವಿನೆಲೆ. ಭಾಮಾ ಶಾಲೆಯಲ್ಲಿ ಕಲಿತದ್ದು ತಮಿಳೇ. ಕನ್ನಡ ಅಕ್ಷರ ತಿದ್ದಿಸಿದವಳು ಅಮ್ಮ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ.

ಕೊರೊನಾದ ವರ್ಷ ಬದರೀನಾಥ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಸೇಲಂ, ಧರ್ಮಪುರಿ ಕಡೆಯ ಕನ್ನಡ ಓದುಗರಿಗೆಂದು ಒಂದು ವಾಟ್ಸಾಪ್ ಗುಂಪು ಕಟ್ಟಿದರು. ಮೊದಲು ಹನ್ನೆರಡು ಜನರಿದ್ದರು. ಆಮೇಲೆ ಬೆಂಗಳೂರು, ಮೈಸೂರಿನವರೂ ಸೇರಿ ಇನ್ನೂರು ದಾಟಿತು. ಅಲ್ಲಿಯೇ ಭಾಮಾಳಿಗೆ ವನಿತಾ ಸಿಕ್ಕಿದ್ದು.

ವನಿತಾ ಆಗ ಇಪ್ಪತ್ತಾರರ ಹುಡುಗಿ. ನಲ್ಲಂಪಳ್ಳಿಯ ಹತ್ತಿರದ ಹಳ್ಳಿಯವಳು. ಕುರಿ ಸಾಕುವ ಮನೆ, ಅಪ್ಪ ಇಲ್ಲ. ಮನೆಮಾತು ಕನ್ನಡವಾದರೂ ಓದಲು ಬರುತ್ತಿರಲಿಲ್ಲ. ಗುಂಪಿನಲ್ಲಿ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದಳು. ಕೆಲವರು ನಗುವ ಚಿತ್ರ ಹಾಕಿದರು. ಭಾಮಾಳಿಗೆ ಕೆಡುಕೆನಿಸಿತು. ಹುಡುಗಿಗೆ ಬೇರೆಯಾಗಿ ಸಂದೇಶ ಕಳಿಸಿದಳು: "ನಾನು ಕಲಿಸ್ತೀನಿ, ಬರ್ತೀಯಾ?"

ದಿನವೂ ಸಂಜೆ ಅರ್ಧ ಗಂಟೆ ವೀಡಿಯೋ ಕರೆಯಲ್ಲಿ ಪಾಠ. ಎಂಟು ತಿಂಗಳಲ್ಲಿ ವನಿತಾ ಕಾದಂಬರಿ ಓದಿದಳು. ಭಾಮಾ ತನ್ನ ಕಪಾಟಿನ ಪುಸ್ತಕಗಳನ್ನು ಅಂಚೆಯಲ್ಲಿ ಹಳ್ಳಿಗೆ ಕಳಿಸುವಳು, ಅವು ತಿರುಗಿ ಬರುವವು, ಮತ್ತೆ ಹೋಗುವವು. ಆಮೇಲೆ ವನಿತಾಳಿಗೆ ಸೇಲಂನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸವಾಗಿ ಹಾಸ್ಟೆಲಿಗೆ ಬಂದಳು. ಭಾನುವಾರ ಭಾಮಾಳ ಮನೆಗೇ ಬಂದು ರ್‍ಯಾಕಿನ ಮುಂದೆ ನೆಲದ ಮೇಲೆ ಕೂತು ಓದುವಳು. ಭಾಮಾಳ ಅಮ್ಮ ಅವಳಿಗೆ ತುಪ್ಪ ಬಡಿಸಿ, "ತಿನ್ನೇ, ಅಕ್ಷರ ಹೊಟ್ಟೆ ತುಂಬಿಸಲ್ಲ" ಅನ್ನುವರು. ಇಂಥ ಪುಸ್ತಕ ಓದಿದೆ, ಹೀಗನಿಸಿತು ಎಂದು ಫೋನಿನ ಮುಂದೆ ಕೂತು ಮಾತಾಡಿ ವನಿತಾ ಅದನ್ನು ಯೂಟ್ಯೂಬಿಗೆ ಹಾಕತೊಡಗಿದಳು. ಹಳ್ಳಿಯಿಂದ ಬಂದು, ದೊಡ್ಡವಳಾದ ಮೇಲೆ ಅಕ್ಷರ ಕಲಿತ ಹುಡುಗಿ ಎಂದು ಜನ ಮೆಚ್ಚಿದರು. ಭಾಮಾ ಒಂದೊಂದು ವೀಡಿಯೋವನ್ನೂ ಎರಡೆರಡು ಸಲ ನೋಡುತ್ತಿದ್ದಳು.

ಭಾಮಾಳ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು, ಆಮೇಲೆ ಮೂತ್ರಪಿಂಡ. ಆಸ್ಪತ್ರೆಯಲ್ಲಿ ಹದಿನೇಳು ದಿನ ಇದ್ದರು. ಭಾಮಾ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅಮ್ಮ ಹರೆಯದಲ್ಲಿ ಓದಿದ್ದ ಒಂದು ಹಳೆಯ ಕಾದಂಬರಿಯನ್ನು ಗಟ್ಟಿಯಾಗಿ ಓದಿದಳು. ಹನ್ನೊಂದನೆಯ ದಿನ ನಿದ್ದೆಗೆಟ್ಟು ಸುಸ್ತಾಗಿ ಎರಡು ಪುಟ ಹಾರಿಸಿದಳು. ಅಮ್ಮ ಕಣ್ಣು ತೆರೆಯದೆಯೇ, "ಎರಡು ಪುಟ ನುಂಗಿದೆಯಲ್ಲೇ ಕಳ್ಳಿ" ಅಂದರು. ಅದೇ ಅವರ ಕೊನೆಯ ಸ್ಪಷ್ಟವಾದ ಮಾತು. ಹದಿನೇಳನೆಯ ದಿನ ಕಾದಂಬರಿ ಮುಗಿಯಲು ನಲವತ್ತು ಪುಟ ಇರುವಾಗ ಹೋಗಿಬಿಟ್ಟರು. ಭಾಮಾ ಆ ನಲವತ್ತು ಪುಟವನ್ನು ಹೆಣದ ಪಕ್ಕದಲ್ಲಿ ಕೂತು, ಆಂಬುಲೆನ್ಸ್ ಬರುವವರೆಗೆ ಪಿಸುಮಾತಿನಲ್ಲಿ ಓದಿದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆರು ತಿಂಗಳ ಮೇಲೆ ಒಂದು ಸಂಜೆ ತಡೆಯಲಾರದೆ ವನಿತಾಳಿಗೆ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜು ಕಳಿಸಿದಳು. ಎಲ್ಲವನ್ನೂ ಹೇಳಿದಳು. ನಡುವೆ ಎರಡು ಸಲ ಮಾತು ನಿಂತು ಬರೀ ಅಳು.

ಅದಾಗಿ ಎರಡು ವರ್ಷ. ಆ ಹೊತ್ತಿಗೆ ವನಿತಾ ಮನೆಗೆ ಬರುವುದು ಕಡಿಮೆಯಾಗಿತ್ತು. ಚಾನೆಲ್ಲು, ಕಾರ್ಯಕ್ರಮ, ಬೆಂಗಳೂರು ಎಂದು ಓಡಾಟ. ಒಂದು ಬೆಳಿಗ್ಗೆ ಭಾಮಾ ಒಲೆಯ ಮೇಲೆ ಹುಳಿ ಇಟ್ಟು ಫೋನು ನೋಡಿದರೆ ಗುಂಪಿನಲ್ಲಿ ಅಭಿನಂದನೆಗಳ ಸುರಿಮಳೆ. ಒಂದು ವೆಬ್ ಪತ್ರಿಕೆಯ ಪ್ರಬಂಧ ಸ್ಪರ್ಧೆಯಲ್ಲಿ ವನಿತಾಳ "ಹದಿನೇಳು ದಿನ" ಎಂಬ ಬರಹಕ್ಕೆ ಮೊದಲ ಬಹುಮಾನ. ಭಾಮಾಳಿಗೆ ಸಂತೋಷವಾಯಿತು. ಓದತೊಡಗಿದಳು.

ಕನ್ನಡಕ ಹಾಕಿಕೊಂಡು ಓದುತ್ತಿದ್ದ, ಆಮೇಲೆ ಕಣ್ಣು ಹೋದ ಅಮ್ಮ. ಸ್ಟೂಲು. ಹಳೆಯ ಕಾದಂಬರಿ. "ಎರಡು ಪುಟ ನುಂಗಿದೆಯಲ್ಲೇ ಕಳ್ಳಿ." ಹೆಣದ ಪಕ್ಕದಲ್ಲಿ ಓದಿದ ನಲವತ್ತು ಪುಟ. ಎಲ್ಲ ಇತ್ತು. ಆದರೆ ಬರಹದಲ್ಲಿ ಅದು ವನಿತಾಳ ಅಮ್ಮನಾಗಿತ್ತು.

ಹುಳಿ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬಿದಾಗಲೇ ಅವಳಿಗೆ ಎಚ್ಚರವಾದದ್ದು. ಒಲೆ ಆರಿಸಿ ಫೋನು ಮಾಡಿದಳು.

"ವನಿತಾ, ಅದು ನನ್ನ ಅಮ್ಮ."

"ಅಕ್ಕಾ, ಅದು ಬರಹ ಅಷ್ಟೆ. ಎಲ್ಲರ ಮನೇಲೂ ನಡೆಯೋದೇ ಅಲ್ವಾ?"

"ನಿನ್ನ ಅಮ್ಮ ಬದುಕಿದ್ದಾರೆ."

"ಅಕ್ಕಾ, ಪ್ಲೀಸ್, ಪುರಿಂಜುಕೋಂಗ, ಅರ್ಥ ಮಾಡ್ಕೊಳ್ಳಿ. ನಾನು ಯಾರನ್ನ ಬರೀಲಿ? ಗುಂಪಲ್ಲಿ ಇರೋರಿಗೆಲ್ಲ ಓದೋ ಅಮ್ಮ, ಬರಿಯೋ ಅಜ್ಜ. ನನ್ನ ಅಮ್ಮನಿಗೆ ಕುರಿ ಎಣಿಸೋದು ಬಿಟ್ರೆ ಏನು ಗೊತ್ತು?"

"ಅದಕ್ಕೆ ನನ್ನಮ್ಮನ್ನ ತಗೊಂಡ್ಯಾ?"

ವನಿತಾಳ ದನಿ ಗಡುಸಾಯಿತು. "ನೀವು ಬರೀತಿದ್ರಾ ಅಕ್ಕಾ? ನಿಜ ಹೇಳಿ. ಎರಡು ಸಾವಿರ ಪುಸ್ತಕ ಓದಿದ್ದೀರ, ನಾಲ್ಕು ಸಾಲು ಬರೆದಿಲ್ಲ. ನಿಮ್ಮ ಹತ್ರ ಇದ್ದಿದ್ರೆ ಅದು ನಿಮ್ಮ ಫೋನಲ್ಲೇ ಸತ್ತೋಗ್ತಿತ್ತು. ನಾನು ಬರೆದೆ, ಜನ ಅತ್ರು. ಅಷ್ಟೇ ನಡೆದಿದ್ದು."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ವನಿತಾ ಅವಳನ್ನು ಬ್ಲಾಕ್ ಮಾಡಿದ್ದಳು.

ಮಾರನೆಯ ದಿನ ಭಾಮಾ ಬದರೀನಾಥರ ಮನೆಗೆ ಹೋದಳು. ಅವರು ಕಾಫಿ ತರಿಸಿ, ಗಂಟಲು ಸರಿಮಾಡಿಕೊಂಡು, "ನೀವು ದೊಡ್ಡೋರು ಭಾಮಾ. ಹಿಂದುಳಿದ ಕಡೆಯಿಂದ ಬಂದ ಹುಡುಗಿ, ಈಗ ತಾನೆ ಮೇಲೆ ಬರ್ತಿದ್ದಾಳೆ. ದುಃಖ ಯಾರೊಬ್ಬರ ಸ್ವತ್ತೂ ಅಲ್ವಲ್ಲ? ಬಿಟ್ಟುಬಿಡಿ" ಅಂದರು. ಆಮೇಲೆ, "ಮುಂದಿನ ತಿಂಗಳು ಗುಂಪಿನ ಐದನೇ ವರ್ಷದ ಸಮಾರಂಭ. ಫೈವ್ ರೋಡ್ಸ್ ಹತ್ರ ಹಾಲ್ ಹೇಳಿದ್ದೀವಿ. ವನಿತಾಗೆ ಸನ್ಮಾನ, ಅವಳೇ ಆ ಪ್ರಬಂಧ ಓದ್ತಾಳೆ. ನೀವೂ ಬನ್ನಿ, ಎಲ್ಲ ಸರಿಹೋಗುತ್ತೆ" ಅಂದರು.

ಭಾಮಾಳ ಚೀಲದಲ್ಲಿದ್ದ ಫೋನಿನಲ್ಲಿ ಆ ಹನ್ನೊಂದು ನಿಮಿಷ ಹಾಗೆಯೇ ಇತ್ತು. ಅದನ್ನು ಅಲ್ಲೇ ಕೇಳಿಸಿದ್ದರೆ ಬದರೀನಾಥರು ವನಿತಾಳನ್ನು ಕರೆಸಿ, ಒಂದು ಕ್ಷಮೆ ಕೇಳಿಸಿ, ಮತ್ತೊಂದು ಕಾಫಿಯಲ್ಲಿ ವಿಷಯ ಮುಗಿಸುತ್ತಿದ್ದರು. ಭಾಮಾಳಿಗೆ ಕ್ಷಮೆ ಬೇಕಿರಲಿಲ್ಲ. ಅಮ್ಮ ಹೋದಾಗ ತಾನು ಹೇಗೆ ಬರಿಗೈಯಾದಳೋ ಹಾಗೆ ಆ ಹುಡುಗಿಯೂ ಎಲ್ಲರ ಮುಂದೆ ಬರಿಗೈಯಾಗಬೇಕು. "ಬರ್ತೀನಿ" ಎಂದು ಹೇಳಿ ಎದ್ದಳು.

ಪುಸ್ತಕ ಕಳಿಸುತ್ತಿದ್ದ ಹಳ್ಳಿಯ ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು. ಆ ವಾರವೇ ಧರ್ಮಪುರಿ ಬಸ್ಸು ಹತ್ತಿದಳು. ತೊಪ್ಪೂರು ಘಾಟಿಯ ಏರಿನಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳುವಾಗ, ಮಡಿಲಲ್ಲಿದ್ದ ಪ್ರಬಂಧದ ಪ್ರಿಂಟೌಟನ್ನು ಮತ್ತೊಮ್ಮೆ ಓದಿಕೊಂಡಳು. ಸಿಟ್ಟು ಎಲ್ಲಿ ಆರಿಬಿಡುವುದೋ ಎಂದು ಅವಳಿಗೆ ಭಯ. ಆರಲಿಲ್ಲ. ನಲ್ಲಂಪಳ್ಳಿಯಲ್ಲಿ ಇಳಿದು ಮಿನಿ ಬಸ್ಸು ಹಿಡಿದು, ಮರಗೆಣಸಿನ ಹೊಲಗಳ ನಡುವೆ ಒಂದು ಕಿಲೋಮೀಟರು ನಡೆದಳು.

ವನಿತಾಳ ತಾಯಿ ಮುತ್ತಮ್ಮ ಕುರಿರೊಪ್ಪದ ಬಾಗಿಲಲ್ಲಿ ಕೂತು ತಬ್ಬಲಿ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಸೇಲಂನಿಂದ ಬಂದಿದ್ದೇನೆ, ವನಿತಾಳ ಗುರುತಿನವಳು ಎಂದ ಕೂಡಲೇ ಬಾಟಲಿ ಕೆಳಗಿಟ್ಟಳು.

"ನನ್ನ ಮಗಳು ಚೆನ್ನಾಗವ್ಳಾ? ಏನಾರಾ ಆಯ್ತಾ?"

"ಚೆನ್ನಾಗಿದ್ದಾಳೆ. ಬಂದು ಎಷ್ಟು ದಿನ ಆಯ್ತು?"

"ಎಲ್ಡು ವರ್ಸ ಆತೈತೆ. ಪೋನ್ ಮಾಡಿದ್ರೆ ಮೀಟಿಂಗ್ನಾಗ್ ಇವ್ನಿ ಅಂತಾಳೆ. ದೊಡ್ ಕೆಲ್ಸ, ಪಾಪ." ಮುತ್ತಮ್ಮ ಒಳಗೆ ಹೋಗಿ ಮಜ್ಜಿಗೆ ತಂದಳು. "ನೀನೇನಾ ಬುಕ್ಕು ಕಳಿಸ್ತಿದ್ ಅಮ್ಮ? ಪೋಸ್ಟ್‌ಮ್ಯಾನ್ ಬಂದ್ರೆ ನಮ್ಮೂರ್ನಾಗ್ ಎಲ್ರೂ ನೋಡೋರು. ಇವ್ರ ಮನೇಗ್ ಬುಕ್ಕು ಬತ್ತೈತೆ ಅಂತ."

ಭಾಮಾ ಒಂದು ಗಳಿಗೆ ತಡೆದಳು. ಈ ಹೆಂಗಸು ತನಗೆ ಯಾವ ಕೇಡೂ ಮಾಡಿದವಳಲ್ಲ. ಎದ್ದು ಹೋಗಬಹುದಿತ್ತು. "ನಿಮ್ಮ ಮಗಳು ನಿಮ್ಮ ಬಗ್ಗೆ ಒಂದು ಬರಹ ಬರೆದಿದ್ದಾಳೆ. ಬಹುಮಾನ ಬಂದಿದೆ. ಓದಲಾ?" ಅಂದಳು.

ಮುತ್ತಮ್ಮನ ಮುಖ ಅರಳಿತು. "ಓದು ತಾಯಿ, ಓದು." ಮರಿಯನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಕೇಳಲು ಕೂತಳು.

ಭಾಮಾ ಓದಿದಳು. ಮೊದಲ ಪುಟ ಮುಗಿಯುವ ಮೊದಲೇ ಮುತ್ತಮ್ಮ ಕೈ ಎತ್ತಿದಳು. "ಇರು, ಇರು. ಯಾರಿಗೆ ಸುಗರು? ನಂಗಿಲ್ವಲ್ಲ."

"ನಿಮಗೇ ಅಂತ ಬರೆದಿದ್ದಾಳೆ."

"ಕನ್ನಡ್ಕ ಆಕ್ಕೊಂಡು ಓದೋಳು ಯಾರು?"

"ಅದೂ ನೀವೇ."

ಮುತ್ತಮ್ಮ ಎತ್ತಿದ್ದ ಕೈ ಇಳಿಸಿದಳು. ಭಾಮಾ ಮುಂದೆ ಓದಿದಳು: ಆಸ್ಪತ್ರೆ, ಹನ್ನೊಂದನೆಯ ದಿನ, ಹದಿನೇಳನೆಯ ದಿನ. ತನ್ನ ಅಮ್ಮನ ಸಾವನ್ನು ತಾನೇ ಇನ್ನೊಬ್ಬಳಿಗೆ ಅವಳ ಸಾವೆಂದು ಓದಿಹೇಳುತ್ತಿದ್ದಳು. ಆದರೂ ಒಂದು ಸಾಲನ್ನೂ ಬಿಡಲಿಲ್ಲ.

ಓದಿ ಮುಗಿಯಿತು. ಮುತ್ತಮ್ಮ ಮರಿಯ ಕಿವಿ ಸವರುತ್ತ ಕೂತಿದ್ದಳು.

"ನನ್ ಸಾಯ್ಸಿದ್ದು ಓಗ್ಲಿ" ಅಂದಳು ಕೊನೆಗೆ. "ಇವತ್ತಲ್ಲ ನಾಳೆ ಸಾಯೋಳೇ. ಆದ್ರೆ ಬ್ಯಾರೆ ಅವ್ವನ್ನ ಇಟ್ಕೊಂಡವ್ಳಲ್ಲ! ನಾನು ಎತ್ತು, ನಾನು ಸಾಕಿ, ಇವ್ರಪ್ಪ ಸತ್ತ್ ಮ್ಯಾಲೆ ಇಪ್ಪತ್ ಕುರಿ ಮಾರಿ ಕಾಲೇಜ್ಗೆ ಕಳ್ಸಿ. ಕಡೇಗೆ ಕನ್ನಡ್ಕದೋಳು ಅವ್ವ!"

ಆಮೇಲೆ ಭಾಮಾಳ ಕಡೆ ತಿರುಗಿದಳು. "ನಿನ್ಗೇನು ಲಾಭ? ಯಾಕ್ ಬಂದೆ ಇದನ್ನ ಓದಾಕೆ?"

"ಆ ಕನ್ನಡಕದವಳು ನನ್ನ ಅಮ್ಮ" ಅಂದಳು ಭಾಮಾ. ಇದ್ದದ್ದನ್ನೆಲ್ಲ ಹೇಳಿದಳು. ತನಗೆ ಸಿಟ್ಟಿದೆ, ಸೇಡು ಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ಸಮಾರಂಭದ ದಿನ ಬಂದು ಮುಂದಿನ ಸಾಲಿನಲ್ಲಿ ಕೂತರೆ ಸಾಕು, ಬೇರೇನೂ ಮಾಡಬೇಕಿಲ್ಲ ಅಂದಳು.

ಮುತ್ತಮ್ಮ ಬಹಳ ಯೋಚಿಸಲಿಲ್ಲ. "ಯಾವ ಬಸ್ಸು?" ಎಂದು ಕೇಳಿದಳು.

ಸಮಾರಂಭದ ಭಾನುವಾರ ಭಾಮಾ ಹೊಸ ಬಸ್ ಸ್ಟ್ಯಾಂಡಿಗೆ ಹೋಗಿ ಅವಳನ್ನು ಇಳಿಸಿಕೊಂಡಳು. ಮುತ್ತಮ್ಮ ಹಸಿರು ಸುಂಗುಡಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಹಾಕಿದ್ದಳು. ಆಟೋ ಹಿಡಿದು ಬಂದರು. ಹಾಲಿನಲ್ಲಿ ಎಪ್ಪತ್ತು ಎಂಬತ್ತು ಜನ. ವರ್ಷಗಟ್ಟಲೆ ಫೋನಿನಲ್ಲಿ ಮಾತ್ರ ಕಂಡಿದ್ದವರು ಒಬ್ಬರನ್ನೊಬ್ಬರು ಗುರುತು ಹಿಡಿದು, ಪುಸ್ತಕ ಅದಲುಬದಲು ಮಾಡಿಕೊಂಡು, ಸೆಲ್ಫಿ ತೆಗೆಯುತ್ತಿದ್ದರು. ಭಾಮಾ ಮುತ್ತಮ್ಮನನ್ನು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ತಾನು ಕೂತಳು.

ವನಿತಾ ಹಿಂದಿನ ಬಾಗಿಲಿನಿಂದ ನೇರ ವೇದಿಕೆಗೆ ಬಂದಳು. ಶಾಲು, ಹಾರ, ಹಣ್ಣಿನ ಬುಟ್ಟಿ. ಬದರೀನಾಥರು ಅವಳ ಅಕ್ಷರಯಾತ್ರೆಯ ಬಗ್ಗೆ ಕಾಲು ಗಂಟೆ ಮಾತಾಡಿದರು, ಭಾಮಾಳ ಹೆಸರು ಎತ್ತದೆ. ಆಮೇಲೆ ವನಿತಾ ಹಾಳೆಗಳನ್ನು ಹಿಡಿದು ಮೈಕಿನ ಮುಂದೆ ನಿಂತು ತಲೆ ಎತ್ತಿದಳು.

ತಾಯಿಯನ್ನು ನೋಡಿದಳು. ತಾಯಿಯ ಪಕ್ಕದಲ್ಲಿ ಭಾಮಾಳನ್ನೂ ನೋಡಿದಳು.

ಅವಳ ಮುಖದಿಂದ ಬಣ್ಣ ಇಳಿದದ್ದನ್ನು ಭಾಮಾ ಕಣ್ಣು ಮಿಟುಕಿಸದೆ ನೋಡಿದಳು. ತಿಂಗಳಿಂದ ಕಾದಿದ್ದದ್ದು ಇದಕ್ಕೇ. ವನಿತಾ ಓದದೆ ಇಳಿದುಹೋಗಬಹುದು ಎಂದುಕೊಂಡಿದ್ದಳು. ಆದರೆ ಹುಡುಗಿ ನೀರು ಕುಡಿದಳು, ಹಾಳೆಗೆ ಕಣ್ಣು ನೆಟ್ಟಳು, ಓದತೊಡಗಿದಳು. ತಾಯಿಯ ಎದುರಿನಲ್ಲೇ ಓದಿದಳು. ದನಿ ಮೊದಲು ನಡುಗಿ ಆಮೇಲೆ ಸರಿಹೋಯಿತು. ಹಿಂದಿನ ಸಾಲುಗಳಲ್ಲಿ ಯಾರೋ ಮೂಗು ಒರೆಸಿಕೊಂಡರು. ಇವಳು ಗೆದ್ದುಬಿಡುತ್ತಾಳೆ ಎಂದು ಭಾಮಾಳಿಗೆ ಅನಿಸಿತು.

"ಹದಿನೇಳನೆಯ ದಿನ ಬೆಳಗಿನ ಜಾವ ಅಮ್ಮನ ಉಸಿರು ನಿಂತಿತು" ಎಂಬಲ್ಲಿಗೆ ಬಂದಾಗ ಮುತ್ತಮ್ಮ ಎದ್ದು ನಿಂತಳು. ತುರುಬಿನ ಗಂಟು ಬಿಚ್ಚಿದಳು. ಅಂಗೈಯಿಂದ ಎದೆಗೆ ಹೊಡೆದುಕೊಂಡು, ಸಾವಿನ ಮನೆಯಲ್ಲಿ ಹೆಂಗಸರು ಹಾಡುವ ಒಪ್ಪಾರಿ ಎತ್ತಿದಳು. ಹೊಲದಾಚೆ ಕುರಿ ಕರೆದು ಪಳಗಿದ ಗಂಟಲು. ಮೈಕಿನ ದನಿ ಅದರಲ್ಲಿ ಮುಳುಗಿಹೋಯಿತು.

"ಕಣ್ಣಿಗೆ ಕನ್ನಡ್ಕ ಇಟ್ಟೋಳೆ, ನನ ತಾಯೇ,
ಯಾವೂರ ಮಗಳವ್ವ ನೀನು?
ನಾ ಎತ್ತ ಕೂಸೀಗೆ ನೀ ಅವ್ವ ಆದೋಳೆ,
ನಂಗೊಂದು ಮಾತಾರಾ ಯೋಳಿದ್ಯಾ?
ನೀ ಒಂಟೋದೆ ಮಾರಾಯ್ತಿ, ನನ ಮಗಳ ನನಗಿನ್ನು
ಯಾರ್ ಬಂದು ತಿರುಗಿ ಕೊಟ್ಟಾರು?"

ಜನ ಮೊದಲು ಇದೂ ಕಾರ್ಯಕ್ರಮದ ಭಾಗ ಎಂದುಕೊಂಡರು. ಒಬ್ಬರು ಫೋನು ಎತ್ತಿ ವೀಡಿಯೋ ಹಿಡಿದರು. ಬದರೀನಾಥರು ವೇದಿಕೆಯ ಅಂಚಿಗೆ ಓಡಿಬಂದು, "ಯಾರಮ್ಮಾ ನೀವು? ಯಾರು?" ಎಂದು ಕೇಳಿದರು.

ಮುತ್ತಮ್ಮ ಹಾಡು ನಿಲ್ಲಿಸಿ ಮುಖ ಒರೆಸಿಕೊಂಡಳು. "ನಾನಾ? ಇವ್ಳ ಅವ್ವ. ಈಗ ಸತ್ತೋದ್ನಲ್ಲ, ಅವ್ಳೇ."

ವನಿತಾ "ಅವ್ವಾ" ಅಂದಳು. ಮೈಕು ಅದನ್ನು ಹಿಡಿದು ಹಾಲಿಗೆಲ್ಲ ಕೇಳಿಸಿತು. ಮುತ್ತಮ್ಮ ಕೂತುಕೊಂಡು ಕೂದಲು ಗಂಟು ಹಾಕತೊಡಗಿದಳು.

ಅಲ್ಲಿಗೇ ಬಿಡಬಹುದಿತ್ತು. ಭಾಮಾ ಬಿಡಲಿಲ್ಲ. ವೇದಿಕೆ ಹತ್ತಿದಳು. ವನಿತಾಳ ಕೈಯ ಹತ್ತಿರವೇ ಇದ್ದ ಮೈಕಿಗೆ ಫೋನು ಹಿಡಿದು ವಾಯ್ಸ್ ಮೆಸೇಜು ಹಾಕಿದಳು. ಹನ್ನೊಂದು ನಿಮಿಷ ಪೂರ್ತಿ. ತನ್ನ ಅಳು ಎಂಬತ್ತು ಜನರ ನಡುವೆ ಹರಡುವುದನ್ನು ನೆಟ್ಟಗೆ ನಿಂತು ಕೇಳಿದಳು. ಅದು ಮುಗಿದ ಮೇಲೆ ಅಂದು ವನಿತಾ ಕಳಿಸಿದ್ದ ಉತ್ತರವನ್ನೂ ಹಾಕಿದಳು: "ಅಕ್ಕಾ, ಅಳಬೇಡಿ. ನಾನಿದ್ದೀನಿ. ಇದನ್ನ ನಾನು ಯಾರಿಗೂ ಹೇಳಲ್ಲ."

ವನಿತಾ ಹಾಳೆಗಳನ್ನು ಮೇಜಿನ ಮೇಲಿಟ್ಟು, ಹೆಗಲ ಶಾಲು ತೆಗೆದು ಅವುಗಳ ಮೇಲೆ ಹಾಕಿ, ಹಿಂದಿನ ಬಾಗಿಲಿನಿಂದ ಹೋದಳು. ಯಾರೂ ಅವಳ ಹಿಂದೆ ಹೋಗಲಿಲ್ಲ. ತಾಯಿಯೂ ಹೋಗಲಿಲ್ಲ. ಊಟಕ್ಕೆ ಹೇಳಿದ್ದ ಬಿಸಿಬೇಳೆ ಭಾತು ಆರುತ್ತಿತ್ತು. ಮುತ್ತಮ್ಮ, "ಅನ್ನಕ್ಕೇನು ಕೋಪ?" ಎಂದು ತಟ್ಟೆ ಹಿಡಿದು ಹೋಗಿ ಹಾಕಿಸಿಕೊಂಡು ಉಂಡಳು. ಆಮೇಲೆ ಭಾಮಾಳಿಗೆ, "ನನ್ನ ಬಸ್ಸು ಹತ್ಸು ಬಾ" ಅಂದಳು.

ವೀಡಿಯೋ ಆ ಸಂಜೆಯೊಳಗೆ ಎಲ್ಲೆಲ್ಲೋ ಹೋಯಿತು. ಪತ್ರಿಕೆ ಬಹುಮಾನ ಹಿಂತೆಗೆದುಕೊಂಡಿತು. ನಾಲ್ಕನೆಯ ದಿನ ವನಿತಾಳ ಚಾನೆಲ್ಲು ಕಾಣೆಯಾಯಿತು. ಅವಳ ಕೆಲಸ ಹೋಯಿತೋ ಅವಳೇ ಬಿಟ್ಟಳೋ, ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಗುಂಪಿನಲ್ಲಿ ಎರಡು ಪಕ್ಷವಾಯಿತು. ಕಳ್ಳಿಗೆ ತಕ್ಕ ಶಾಸ್ತಿ ಎಂದರು ಕೆಲವರು. ಅಷ್ಟೊಂದು ಪುಸ್ತಕ ಓದಿದವಳ ಮನಸ್ಸು ಇಷ್ಟು ಕಠಿಣವಾ, ಹಳ್ಳಿ ಹೆಂಗಸನ್ನು ಕರೆತಂದು ಮಗಳ ಮಾನ ಕಳೆಯಿಸಿದಳಲ್ಲ ಎಂದರು ಉಳಿದವರು. ಬದರೀನಾಥರು ಫೋನು ಮಾಡಿ, "ತಪ್ಪು ನಂದೂ ಇದೆ. ಆದ್ರೂ ನೀವು ಗುಂಪಿಗೆ ಎರಡು ಮಾತು ಬರೆದ್ರೆ ಎಲ್ಲರೂ ತಣ್ಣಗಾಗ್ತಾರೆ" ಅಂದರು.

"ನಾನು ಬರೆಯೋಳಲ್ಲ ಅಂತ ಅವಳು ಆಗಲೇ ಹೇಳಿದ್ದಾಳಲ್ಲ" ಎಂದು ಭಾಮಾ ಗುಂಪು ಬಿಟ್ಟಳು.

ಮೂರು ದಿನ ಅವಳಿಗೆ ಜ್ವರ ಇಳಿದ ಮೈಯಂತೆ ಹಗುರವಾಗಿತ್ತು. ನಾಲ್ಕನೆಯ ದಿನದಿಂದ ಮನೆಯ ನಿಶ್ಶಬ್ದ ಕಿವಿಗೆ ಬೀಳತೊಡಗಿತು. ಓದಿದ ಒಳ್ಳೆಯ ಸಾಲನ್ನು ಕಳಿಸಲು ಯಾರೂ ಇರಲಿಲ್ಲ. ಫೋನು ಎತ್ತಿಕೊಂಡು ಕೆಳಗಿಡುವಳು. ಹಾಗೆಂದು ಮಾಡಿದ್ದು ತಪ್ಪೆಂದು ಅವಳಿಗೆ ಒಮ್ಮೆಯೂ ಅನಿಸಲಿಲ್ಲ. ಅನಿಸಲಿ ಎಂದು ಕಾದೂ ನೋಡಿದಳು.

ಇಪ್ಪತ್ತು ದಿನದ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಮುತ್ತಮ್ಮ.

"ಬಂದವ್ಳೆ" ಅಂದಳು ಪೀಠಿಕೆಯಿಲ್ಲದೆ. "ಪೆಟ್ಟಿ ತಕ್ಕೊಂಡು ಬಂದವ್ಳೆ. ಒಂದ್ ವಾರ ಆಯ್ತು. ಮೂಲೇನಾಗ್ ಕುಂತವ್ಳೆ, ಒರಗೇ ಬರಾಕಿಲ್ಲ."

ಭಾಮಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಂಗೆ ಸಂತೋಸ ಆಯ್ತಾ? ನಿಜ ಯೋಳು."

ಭಾಮಾ ಯೋಚಿಸಿದಳು. "ಆಯ್ತು" ಅಂದಳು.

"ನಂಗೂವೆ" ಅಂದಳು ಮುತ್ತಮ್ಮ. "ಎಲ್ಡು ವರ್ಸ ಆದ್ ಮ್ಯಾಲೆ ನನ್ ಕೈ ಮುದ್ದೆ ತಿಂತಾವ್ಳೆ. ಅವ್ಳ ಜೊತೆ ಮಾತಾಡಾಕಿಲ್ಲ ನಾನು. ಇಟ್ಟು ಆಕ್ತೀನಿ, ತಟ್ಟೆ ತೊಳೀತೀನಿ, ಅಷ್ಟೇ. ಅಳ್ತಾಳೆ. ಅಳ್ಲಿ." ಆಮೇಲೆ, "ನಿಂತಾವ ಮಾತಾಡ್ಬೇಕು, ಕಾಲಿಗ್ ಬೀಳ್ತೀನಿ ಅಂತ ಒಂದೇ ಸಮ ಅಂತಾವ್ಳೆ. ಪೋನ್ ಕೊಡ್ಲಾ?"

ಆ ಕಡೆ ಮುತ್ತಮ್ಮನ ಹಿಂದೆ ಯಾರೋ ಉಸಿರು ಎಳೆದುಕೊಂಡ ಸದ್ದು ಭಾಮಾಳಿಗೆ ಕೇಳಿಸಿತು.

"ಬೇಡ" ಅಂದಳು.

"ಸರಿ ಬುಡು" ಅಂದಳು ಮುತ್ತಮ್ಮ. ದನಿಯಲ್ಲಿ ಬೇಸರವಿರಲಿಲ್ಲ. "ನಿನ್ ಜಾಗ್ದಾಗ್ ನಾನಿದ್ರೂ ಮಾತಾಡ್ತಿರ್ನಿಲ್ಲ."

ಭಾಮಾ ಫೋನು ಕೆಳಗಿಟ್ಟು ಕೈ ತೊಳೆದು ಊಟಕ್ಕೆ ತಟ್ಟೆ ಹಾಕಿಕೊಂಡಳು. ಆ ದಿನ ಅವಳಿಗೆ ಹಸಿವಾಗಿತ್ತು. ಎರಡು ಸಲ ಬಡಿಸಿಕೊಂಡು ಉಂಡಳು.